ಬರೆದದ್ದು ಮತ್ತು ಜಾರಿಯಲ್ಲಿರುವುದು: ಡೇಟಾಬೇಸ್ ಸರ್ವರಿನ ಸಂರಚನಾ ಕಡತಗಳು

ಡೇಟಾಬೇಸ್ ಸರ್ವರ್ ಎಂಬುದು ಮಾಹಿತಿಯನ್ನು ಡಿಸ್ಕಿನಲ್ಲಿ ಕ್ರಮಬದ್ಧವಾಗಿ ಸಂಗ್ರಹಿಸಿಟ್ಟುಕೊಂಡು, ಏಕಕಾಲದಲ್ಲಿ ಹಲವರು ಕೇಳುವ ಪ್ರಶ್ನೆಗಳಿಗೆ ಉತ್ತರಿಸುತ್ತ, ಅವರು ಮಾಡುವ ಬದಲಾವಣೆಗಳು ಒಂದರ ಮೇಲೊಂದು ಬಿದ್ದು ಕೆಡದಂತೆಯೂ ವಿದ್ಯುತ್ ಕೈಕೊಟ್ಟಾಗ ಅಳಿಸಿಹೋಗದಂತೆಯೂ ಕಾಯುವ ತಂತ್ರಾಂಶ. ಅದನ್ನು ಬರೆದವರಿಗೆ ಅದು ಯಾವ ಯಂತ್ರದ ಮೇಲೆ ಓಡಲಿದೆ, ಆ ಯಂತ್ರದಲ್ಲಿ ಎಷ್ಟು ಮೆಮೊರಿ ಇರುತ್ತದೆ, ಎಷ್ಟು ಜನ ಬಳಕೆದಾರರು ಒಟ್ಟಿಗೆ ಸಂಪರ್ಕಿಸುತ್ತಾರೆ ಎಂಬ ಸಂಗತಿಗಳು ಮೊದಲೇ ತಿಳಿದಿರುವುದಿಲ್ಲ. ಆದ್ದರಿಂದ ಇಂಥ ತೀರ್ಮಾನಗಳನ್ನು ತಂತ್ರಾಂಶದ ಒಳಗೆ ಹುದುಗಿಸದೆ ಹೊರಗಿನ ಒಂದು ಪಠ್ಯ ಕಡತಕ್ಕೆ ಬಿಟ್ಟುಕೊಡುವ ಪದ್ಧತಿ ಬೆಳೆದುಬಂದಿತು. ಈ ಕಡತವನ್ನೇ ಸಂರಚನಾ ಕಡತ ಅಥವಾ ಕಾನ್ಫಿಗರೇಷನ್ ಫೈಲ್ ಎನ್ನುತ್ತಾರೆ. ಅದರಲ್ಲಿ ಬೆಲೆ ಕೊಡಬಹುದಾದ ಪ್ರತಿಯೊಂದು ಹೆಸರನ್ನು ನಿಯತಾಂಕ ಎಂದು ಕರೆಯಬಹುದು.

ಮೇಲುನೋಟಕ್ಕೆ ಇದು ಸರಳ ವ್ಯವಸ್ಥೆ: ಸಾಲನ್ನು ತಿದ್ದಿದರೆ ಸರ್ವರಿನ ನಡವಳಿಕೆ ಬದಲಾಗಬೇಕು. ವಾಸ್ತವದಲ್ಲಿ ಕಡತದಲ್ಲಿ ಬರೆದಿರುವ ಬೆಲೆಗೂ ಓಡುತ್ತಿರುವ ಸರ್ವರ್ ಪಾಲಿಸುತ್ತಿರುವ ಬೆಲೆಗೂ ನಡುವೆ ಒಂದು ಅಂತರವಿದ್ದು, ಅದು ಕೆಲವೊಮ್ಮೆ ಕ್ಷಣಮಾತ್ರದ್ದೂ ಕೆಲವೊಮ್ಮೆ ತಿಂಗಳುಗಟ್ಟಲೆಯದ್ದೂ ಆಗಿರುತ್ತದೆ. ಸಂರಚನಾ ಕಡತಗಳ ನಿರ್ವಹಣೆಯ ಸಾರವಿರುವುದು ಈ ಅಂತರವನ್ನು ಗುರುತಿಸಿ, ಅದು ಬೆಳೆಯದಂತೆ ನೋಡಿಕೊಳ್ಳುವುದರಲ್ಲಿ. ಇದನ್ನು ವಿವರಿಸಲು ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಮುಕ್ತ ತಂತ್ರಾಂಶವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. 1986ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಆವರಣದಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಅವರ ನೇತೃತ್ವದಲ್ಲಿ ಆರಂಭವಾದ ಸಂಶೋಧನಾ ಯೋಜನೆಯೊಂದು 1996ರಲ್ಲಿ ಈ ಹೆಸರನ್ನು ಪಡೆದು ಇಂದಿಗೂ ಬೆಳೆಯುತ್ತಿದೆ; ಅದರ ನಿಯತಾಂಕಗಳ ಸಂಖ್ಯೆ ಈಗ ಮುನ್ನೂರನ್ನು ಮೀರಿದೆ.

ಮೂರು ಕಡತಗಳು, ಎರಡು ನಿಯಮಗಳು

ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ ಕೈಯಿಂದ ತಿದ್ದಲೆಂದೇ ಇರುವ ಮುಖ್ಯ ಕಡತಗಳು ಮೂರು. 'ಪೋಸ್ಟ್‌ಗ್ರೆಸ್‌ಕ್ಯೂಎಲ್ ಡಾಟ್ ಕಾನ್ಫ್' ಎಂಬುದು ಮೆಮೊರಿ, ಡಿಸ್ಕ್, ಸಂಪರ್ಕ, ದಾಖಲೆ ಮುಂತಾದ ಎಲ್ಲ ನಿಯತಾಂಕಗಳ ನೆಲೆ. 'ಪಿಜಿ ಎಚ್‌ಬಿಎ ಡಾಟ್ ಕಾನ್ಫ್' ಎಂಬುದು ಯಾವ ವಿಳಾಸದಿಂದ ಯಾವ ಬಳಕೆದಾರ ಯಾವ ಡೇಟಾಬೇಸಿಗೆ ಹೇಗೆ ಗುರುತು ತೋರಿಸಿ ಪ್ರವೇಶಿಸಬಹುದು ಎಂಬುದನ್ನು ನಿರ್ಧರಿಸುವ ಪಟ್ಟಿ. 'ಪಿಜಿ ಐಡೆಂಟ್ ಡಾಟ್ ಕಾನ್ಫ್' ಎಂಬುದು ಹೊರಗಿನ ಬಳಕೆದಾರ ಹೆಸರುಗಳನ್ನು ಡೇಟಾಬೇಸಿನೊಳಗಿನ ಹೆಸರುಗಳಿಗೆ ಹೊಂದಿಸುವ ಪಟ್ಟಿ. ರೆಡ್ ಹ್ಯಾಟ್ ಬಗೆಯ ಲಿನಕ್ಸ್ ವ್ಯವಸ್ಥೆಗಳಲ್ಲಿ ಇವು ಮಾಹಿತಿ ಇರುವ ಫೋಲ್ಡರಿನಲ್ಲಿಯೇ ಇರುತ್ತವೆ. ಡೆಬಿಯನ್ ಮತ್ತು ಉಬುಂಟುಗಳಲ್ಲಿ ವ್ಯವಸ್ಥೆಯ ಇತರ ಸೆಟ್ಟಿಂಗ್‌ಗಳ ಜೊತೆ 'ಇಟಿಸಿ' ಫೋಲ್ಡರಿನ ಕೆಳಗೆ ಬೇರೆಯಾಗಿ ಇರುತ್ತವೆ. ಈ ವ್ಯತ್ಯಾಸ ಸಣ್ಣದಾಗಿ ಕಂಡರೂ, ಮಾಹಿತಿಯ ಫೋಲ್ಡರನ್ನು ಮಾತ್ರ ನಕಲು ಮಾಡುವ ಬ್ಯಾಕಪ್ ಪದ್ಧತಿಯಲ್ಲಿ ಮೊದಲ ಬಗೆಯ ವ್ಯವಸ್ಥೆಯ ಸೆಟ್ಟಿಂಗ್‌ಗಳು ಉಳಿದು ಎರಡನೆಯ ಬಗೆಯವು ಕೈಬಿಟ್ಟುಹೋಗುತ್ತವೆ ಎಂಬುದನ್ನು ನೆನೆದರೆ ಅದರ ಮಹತ್ವ ತಿಳಿಯುತ್ತದೆ.

ಮೊದಲ ಎರಡು ಕಡತಗಳನ್ನು ಸರ್ವರ್ ಓದುವ ಕ್ರಮ ಪರಸ್ಪರ ವಿರುದ್ಧವಾದುದು. ಮುಖ್ಯ ಕಡತದಲ್ಲಿ ಒಂದೇ ನಿಯತಾಂಕ ಎರಡು ಕಡೆ ಬಂದರೆ ಕೊನೆಯದು ಊರ್ಜಿತವಾಗುತ್ತದೆ. ಆದ್ದರಿಂದ ಮೇಲಿನ ಸಾಲನ್ನು ಎಷ್ಟು ತಿದ್ದಿದರೂ, ಹಿಂದೆ ಯಾರೋ ಕಡತದ ತುದಿಯಲ್ಲಿ ಸೇರಿಸಿಹೋದ ಸಾಲು ಅದನ್ನು ರದ್ದುಮಾಡುತ್ತಲೇ ಇರುತ್ತದೆ. ಪ್ರವೇಶದ ಪಟ್ಟಿಯಲ್ಲಾದರೋ ಮೇಲಿನಿಂದ ಓದುತ್ತ ಹೋಗಿ, ಬಂದ ಸಂಪರ್ಕಕ್ಕೆ ಹೊಂದುವ ಮೊದಲ ಸಾಲಿನಲ್ಲಿಯೇ ಸರ್ವರ್ ನಿಂತುಬಿಡುತ್ತದೆ. ಆ ಸಾಲು ಕೇಳಿದ ಗುರುತು ತಪ್ಪಿದರೆ ಮುಂದಿನ ಸಾಲನ್ನು ಪ್ರಯತ್ನಿಸುವುದಿಲ್ಲ, ಯಾವ ಸಾಲೂ ಹೊಂದದಿದ್ದರೆ ಪ್ರವೇಶವನ್ನು ನಿರಾಕರಿಸುತ್ತದೆ. ಪಾಸ್‌ವರ್ಡ್ ಕೇಳದೆಯೇ ಒಳಬಿಡುವ 'ಟ್ರಸ್ಟ್' ಎಂಬ ವಿಧಾನವನ್ನು ಪರೀಕ್ಷೆಗೆಂದು ಮೇಲುಗಡೆ ಸೇರಿಸಿ ಮರೆತರೆ, ಅದರ ಕೆಳಗೆ ಎಷ್ಟೇ ಬಿಗಿಯಾದ ನಿಯಮಗಳಿದ್ದರೂ ಆ ವಿಳಾಸಗಳ ಮಟ್ಟಿಗೆ ಅವು ಓದಲ್ಪಡುವುದೇ ಇಲ್ಲ. ಒಂದು ಕಡತಕ್ಕೆ ಹೊಸ ಸಾಲನ್ನು ಕೊನೆಗೆ ಸೇರಿಸುವುದು ಸರಿಯೆನಿಸಿದರೆ ಇನ್ನೊಂದರಲ್ಲಿ ಅದೇ ಅಭ್ಯಾಸ ವ್ಯರ್ಥವಾಗುವುದಕ್ಕೆ ಈ ವೈರುಧ್ಯವೇ ಕಾರಣ.

ಒಂದು ಸಾಲಿನ ಒಳಗೆ

ಮುಖ್ಯ ಕಡತದ ಒಂದು ಸಾಲನ್ನು ಹತ್ತಿರದಿಂದ ನೋಡಿದರೆ, ಬರೆದದ್ದಕ್ಕೂ ಅರ್ಥವಾದದ್ದಕ್ಕೂ ಇರುವ ದೂರ ಅಲ್ಲಿಂದಲೇ ಆರಂಭವಾಗುವುದು ಕಾಣುತ್ತದೆ. 'ಶೇರ್ಡ್ ಬಫರ್ಸ್' ಎಂಬ ನಿಯತಾಂಕ, ಡಿಸ್ಕಿನಿಂದ ಓದಿದ ಪುಟಗಳನ್ನು ಇರಿಸಿಕೊಳ್ಳಲು ಸರ್ವರ್ ಬಳಸುವ ಸಾಮೂಹಿಕ ಮೆಮೊರಿಯ ಗಾತ್ರವನ್ನು ಸೂಚಿಸುತ್ತದೆ. ಸಾಮಾನ್ಯವಾಗಿ ಅದರ ಆರಂಭಿಕ ಬೆಲೆ 128 ಎಂಬಿ. ಇಲ್ಲಿ 'ಎಂಬಿ' ಎಂಬ ಮಾನವನ್ನು ಬಿಟ್ಟು ಬರಿಯ 128 ಎಂದು ಬರೆದರೆ ಸರ್ವರ್ ಅದನ್ನು ತಪ್ಪೆಂದು ತಿರಸ್ಕರಿಸುವುದಿಲ್ಲ. ಈ ನಿಯತಾಂಕದ ಸಹಜ ಮಾನ 8 ಕಿಲೋಬೈಟಿನ ಪುಟವಾಗಿರುವುದರಿಂದ 128 ಪುಟಗಳು, ಅಂದರೆ ಕೇವಲ 1 ಎಂಬಿ ಎಂದು ಗ್ರಹಿಸುತ್ತದೆ. 'ವರ್ಕ್ ಮೆಮ್' ಎಂಬ ಇನ್ನೊಂದು ನಿಯತಾಂಕದ ಸಹಜ ಮಾನ ಕಿಲೋಬೈಟ್ ಆದುದರಿಂದ ಅಲ್ಲಿ 64 ಎಂದಷ್ಟೇ ಬರೆದರೆ 64 ಎಂಬಿಯ ಬದಲು 64 ಕಿಲೋಬೈಟ್ ಆಗುತ್ತದೆ. ಎರಡೂ ಸಂದರ್ಭಗಳಲ್ಲಿ ಕಡತ ವ್ಯಾಕರಣಬದ್ಧವಾಗಿರುತ್ತದೆ, ಸರ್ವರ್ ಯಾವ ದೂರನ್ನೂ ದಾಖಲಿಸದೆ ಓಡುತ್ತದೆ, ಕೆಲಸ ಮಾತ್ರ ಕಾರಣ ತಿಳಿಯದಂತೆ ನಿಧಾನವಾಗುತ್ತದೆ.

ಅದೇ ರೀತಿ, ಸಾಲಿನ ಮೊದಲಿಗೆ ಹ್ಯಾಶ್ ಚಿಹ್ನೆ ಹಾಕಿ ಅದನ್ನು ಟಿಪ್ಪಣಿಯಾಗಿಸುವುದೆಂದರೆ ಆ ಸೆಟ್ಟಿಂಗನ್ನು ಇಲ್ಲವಾಗಿಸುವುದೆಂದು ಭಾವಿಸುವುದುಂಟು. ಸರ್ವರಿಗೆ ಪ್ರತಿ ನಿಯತಾಂಕಕ್ಕೂ ಒಂದು ಬೆಲೆ ಇರಲೇಬೇಕಾದುದರಿಂದ, ಟಿಪ್ಪಣಿಯಾದ ಸಾಲಿನ ಜಾಗದಲ್ಲಿ ತಂತ್ರಾಂಶದೊಳಗಿನ ಪೂರ್ವನಿಗದಿತ ಬೆಲೆ, ಅಂದರೆ ಡಿಫಾಲ್ಟ್, ಜಾರಿಗೆ ಬರುತ್ತದೆ. ಹೊಸ ಆವೃತ್ತಿಯಲ್ಲಿ ಆ ಡಿಫಾಲ್ಟ್ ಬದಲಾದರೆ ಕಡತವನ್ನು ಯಾರೂ ಮುಟ್ಟದಿದ್ದರೂ ಸರ್ವರಿನ ವರ್ತನೆ ಬದಲಾಗುತ್ತದೆ. ಪಾಸ್‌ವರ್ಡುಗಳನ್ನು ಗೂಢಲಿಪಿಯಲ್ಲಿ ಇಡುವ ಕ್ರಮ 14ನೆಯ ಆವೃತ್ತಿಯಲ್ಲಿ ಹಳೆಯ 'ಎಂಡಿ5'ನಿಂದ 'ಸ್ಕ್ರ್ಯಾಮ್' ಎಂಬ ಹೆಚ್ಚು ಸುರಕ್ಷಿತ ವಿಧಾನಕ್ಕೆ ಬದಲಾದದ್ದು ಹೀಗೆಯೇ.

ಜಾರಿಗೆ ಬರುವ ಗಳಿಗೆ

ತಿದ್ದಿದ ಸಾಲು ಯಾವಾಗ ಜಾರಿಗೆ ಬರುತ್ತದೆ ಎಂಬುದು ನಿಯತಾಂಕದ ವರ್ಗವನ್ನು ಅವಲಂಬಿಸಿದೆ. ಕೆಲವನ್ನು ಯಾವ ಬಳಕೆದಾರನಾದರೂ ತನ್ನ ಸಂಪರ್ಕದ ಅವಧಿಗೆ ತಕ್ಷಣ ಬದಲಾಯಿಸಿಕೊಳ್ಳಬಹುದು. ಕೆಲವಕ್ಕೆ ರೀಲೋಡ್ ಸಾಕು. ಅಂದರೆ ಸರ್ವರ್ ಓಡುತ್ತಿರುವಾಗಲೇ ಒಂದು ಸಂಕೇತ ಕಳುಹಿಸಿ ಕಡತಗಳನ್ನು ಮತ್ತೆ ಓದಿಸಿದರೆ ಯಾವ ಸಂಪರ್ಕವೂ ಕಡಿಯದೆ ಹೊಸ ಬೆಲೆ ಬರುತ್ತದೆ. ಇನ್ನು ಕೆಲವಕ್ಕೆ ಸರ್ವರನ್ನು ಪೂರ್ತಿ ನಿಲ್ಲಿಸಿ ಮತ್ತೆ ಆರಂಭಿಸುವ ರೀಸ್ಟಾರ್ಟ್ ಬೇಕೇ ಬೇಕು. ಸಾಮೂಹಿಕ ಮೆಮೊರಿಯ ಗಾತ್ರ, ಒಟ್ಟು ಸಂಪರ್ಕಗಳ ಮಿತಿ ಮುಂತಾದವು ಆರಂಭದ ಕ್ಷಣದಲ್ಲಿಯೇ ಕಾರ್ಯಾಚರಣ ವ್ಯವಸ್ಥೆಯಿಂದ ಪಡೆದುಕೊಳ್ಳಬೇಕಾದ ಸಂಪನ್ಮೂಲಗಳನ್ನು ನಿರ್ಧರಿಸುವುದರಿಂದ ಅವು ಈ ಕೊನೆಯ ಗುಂಪಿಗೆ ಸೇರುತ್ತವೆ.

ಕಡತವನ್ನು ತಿದ್ದಿದರೂ ಏನೂ ಬದಲಾಗದ ಸಂಗತಿಗಳೂ ಇವೆ. ಅಕ್ಷರಗಳ ವಿಂಗಡಣೆಯ ಕ್ರಮ ಅವುಗಳಲ್ಲೊಂದು. ಕನ್ನಡದ ಮಾಹಿತಿ ಇಡುವವರಿಗೆ ಇದು ನೇರವಾಗಿ ತಟ್ಟುತ್ತದೆ. ಡೇಟಾಬೇಸನ್ನು ಸೃಷ್ಟಿಸುವಾಗ 'ಸಿ' ಎಂಬ ಮೂಲ ವಿಂಗಡಣೆಯನ್ನು ಆಯ್ದಿದ್ದರೆ ಪದಗಳು ಯೂನಿಕೋಡ್ ಸಂಖ್ಯೆಯ ಕ್ರಮದಲ್ಲಿ ನಿಲ್ಲುತ್ತವೆ; ಯೂನಿಕೋಡಿನಲ್ಲಿ ಳಕಾರವು ಲಕಾರದ ಬೆನ್ನಿಗೇ, ವಕಾರಕ್ಕಿಂತ ಮೊದಲು ಇರುವುದರಿಂದ ಊರುಗಳ ಪಟ್ಟಿಯಲ್ಲಿ ಮಳವಳ್ಳಿ ಮೊದಲೂ ಮಸ್ಕಿ ನಂತರವೂ ಬರುತ್ತದೆ, ಆದರೆ ಹಕಾರದ ಬಳಿಕ ಳಕಾರ ಬರುವ ವರ್ಣಮಾಲೆಯ ರೂಢಿಯಂತೆ ಮಸ್ಕಿಯೇ ಮೊದಲು ಬರಬೇಕು. ಇದನ್ನು ಗಮನಿಸಿದವರು ಸಂರಚನಾ ಕಡತವನ್ನು ತೆರೆದು ಹುಡುಕಿದರೆ ಪ್ರಯೋಜನವಿಲ್ಲ. ನಿರ್ದಿಷ್ಟ ಕಾಲಮ್ಮಿಗೆ ಅಥವಾ ಪ್ರಶ್ನೆಗೆ ಬೇರೆ ವಿಂಗಡಣೆಯನ್ನು ಸೂಚಿಸಬಹುದಾದರೂ, ಇಡೀ ಡೇಟಾಬೇಸಿನ ಕ್ರಮ ಬದಲಾಗಬೇಕಾದರೆ ಹೊಸದನ್ನು ಸೃಷ್ಟಿಸಿ ಮಾಹಿತಿಯನ್ನು ಅಲ್ಲಿಗೆ ಸಾಗಿಸಬೇಕಾಗುತ್ತದೆ.

ರೀಲೋಡ್ ಮತ್ತು ರೀಸ್ಟಾರ್ಟ್‌ಗಳ ನಡುವಿನ ಇನ್ನೊಂದು ವ್ಯತ್ಯಾಸ ಇನ್ನೂ ಗಂಭೀರವಾದುದು. ಓಡುತ್ತಿರುವ ಸರ್ವರ್ ರೀಲೋಡ್ ಸಮಯದಲ್ಲಿ ಕಡತದಲ್ಲಿ ತಪ್ಪನ್ನು ಕಂಡರೆ ನಿಂತುಬಿಡುವುದಿಲ್ಲ. ವ್ಯಾಕರಣದ ದೋಷವಿದ್ದರೆ ಇಡೀ ಕಡತವನ್ನೂ, ಒಂದು ಬೆಲೆ ಮಾತ್ರ ಅಸಿಂಧುವಾಗಿದ್ದರೆ ಆ ಸಾಲನ್ನೂ ಬದಿಗಿಟ್ಟು, ದಾಖಲೆಯಲ್ಲಿ ಒಂದು ಸಂದೇಶ ಬರೆದು, ಹಳೆಯ ಬೆಲೆಗಳೊಂದಿಗೆ ಮುಂದುವರಿಯುತ್ತದೆ. ಬಳಕೆದಾರರಿಗೆ ಸೇವೆ ತಪ್ಪಬಾರದೆಂಬ ಕಾರಣಕ್ಕೆ ಇದು ಸರಿಯಾದ ನಡೆ. ಆದರೆ ಅದೇ ತಪ್ಪು ರೀಸ್ಟಾರ್ಟ್ ಸಮಯದಲ್ಲಿ ಎದುರಾದರೆ ಹಿಂದಿರುಗಲು ಹಳೆಯ ಬೆಲೆಗಳು ಇರುವುದಿಲ್ಲವಾದ್ದರಿಂದ ಸರ್ವರ್ ಆರಂಭವಾಗುವುದೇ ಇಲ್ಲ. ಹೀಗೆ ಇಂದು ಆದ ತಪ್ಪು ದಾಖಲೆಯ ಸಂದೇಶವನ್ನು ಯಾರೂ ಓದದಿದ್ದರೆ ತಿಂಗಳುಗಟ್ಟಲೆ ಕಡತದಲ್ಲಿ ಅಡಗಿದ್ದು, ಯಂತ್ರ ಅನಿರೀಕ್ಷಿತವಾಗಿ ಬಿದ್ದು ಎದ್ದ ದಿನ, ಎಂದರೆ ಸರ್ವರ್ ಬೇಗ ಮೇಲೇಳಲೇಬೇಕಾದ ದಿನವೇ, ಹೊರಬೀಳುತ್ತದೆ.

ಗಿಟ್‌ಲ್ಯಾಬ್ ಸಂಸ್ಥೆಯ ಜಾಲತಾಣದಲ್ಲಿ 2017ರ ಜನವರಿ 31ರಂದು ನಡೆದ, ಸಂಸ್ಥೆಯೇ ವಿವರವಾಗಿ ಪ್ರಕಟಿಸಿದ ಅವಘಡದಲ್ಲಿ ಇಂಥ ಒಂದು ಘಟ್ಟವಿದೆ. ಮೂಲ ಸರ್ವರಿನ ಪ್ರತಿಯನ್ನು ಹೊತ್ತ ಉಪಸರ್ವರ್ ಹಿಂದುಳಿದದ್ದರಿಂದ ಅದನ್ನು ಮತ್ತೆ ಕಟ್ಟಲು ಹೊರಟಾಗ, ನಕಲನ್ನು ಕಳುಹಿಸುವ ಪ್ರಕ್ರಿಯೆಗಳ ಮಿತಿ ಸಾಲದೆಂದು ತಿಳಿದುಬಂದು, ಮೂಲ ಸರ್ವರಿನ ಕಡತದಲ್ಲಿ ಆ ಮಿತಿಯನ್ನು 32ಕ್ಕೆ ಏರಿಸಲಾಯಿತು. ಇದಕ್ಕೆ ರೀಸ್ಟಾರ್ಟ್ ಅಗತ್ಯವಿತ್ತು. ರೀಸ್ಟಾರ್ಟ್ ಮಾಡಿದಾಗ ಸರ್ವರ್ ಏಳಲಿಲ್ಲ. ಕಾರಣ, ಈಗ ತಿದ್ದಿದ ಸಾಲಿನಲ್ಲಿರದೆ ಬೇರೊಂದು ಸಾಲಿನಲ್ಲಿತ್ತು: ಸಂಪರ್ಕಗಳ ಮಿತಿಯನ್ನು 8000 ಎಂದು ಇಡಲಾಗಿದ್ದು, ಪ್ರಕ್ರಿಯೆಗಳು ಒಂದನ್ನೊಂದು ಕಾಯಲು ಬಳಸುವ ಸೆಮಫೋರ್ ಎಂಬ ಸಂಪನ್ಮೂಲ ಅಷ್ಟು ಸಂಪರ್ಕಗಳಿಗೆ ಸಾಲದಾಗಿತ್ತು. ಆ 8000 ಸುಮಾರು ಒಂದು ವರ್ಷದಿಂದ ಬಳಕೆಯಲ್ಲಿದ್ದ ಸಂಖ್ಯೆ. ಅದನ್ನು 2000ಕ್ಕೆ ಇಳಿಸಿದ ಮೇಲೆ ಸರ್ವರ್ ಎದ್ದಿತು. ಆ ರಾತ್ರಿ ಮುಂದೆ ಉಪಸರ್ವರಿನದೆಂದು ಭಾವಿಸಿ ಮೂಲ ಸರ್ವರಿನ ಫೋಲ್ಡರನ್ನು ಅಳಿಸಿದ್ದರಿಂದ ಸುಮಾರು 300 ಜಿಬಿ ಮಾಹಿತಿ ಹೋಗಿ, ಸುಮಾರು ಆರು ಗಂಟೆಗಳಷ್ಟು ಹಿಂದಿನ ಪ್ರತಿಯಿಂದ ಸೇವೆಯನ್ನು ಮರಳಿ ಕಟ್ಟಬೇಕಾಯಿತು. ಆ ಅಳಿಸುವಿಕೆಗೆ ಸಂರಚನಾ ಕಡತ ಕಾರಣವಾಗಿರಲಿಲ್ಲ. ಆದರೆ ನಿತ್ಯ ತೆಗೆದುಕೊಳ್ಳುವ ಬ್ಯಾಕಪ್ ವಿಫಲವಾಗುತ್ತಿದ್ದುದಕ್ಕೆ, 9.6ನೆಯ ಆವೃತ್ತಿಯ ಸರ್ವರಿನ ಮೇಲೆ 9.2ನೆಯ ಆವೃತ್ತಿಯ ಬ್ಯಾಕಪ್ ಸಾಧನ ಓಡುತ್ತಿದ್ದುದೇ ಕಾರಣವೆಂದು ಆಮೇಲೆ ಗೊತ್ತಾಯಿತು. ವ್ಯವಸ್ಥೆ ಹೇಗಿದೆಯೆಂದು ಎಲ್ಲರೂ ನಂಬಿದ್ದರೋ ಅದು ಹಾಗಿರಲಿಲ್ಲ ಎಂಬುದೇ ಎರಡೂ ಪ್ರಸಂಗಗಳ ಸಾಮಾನ್ಯ ಅಂಶ.

ಬೆಲೆ ಬಂದದ್ದು ಎಲ್ಲಿಂದ

ಜಾರಿಯಲ್ಲಿರುವ ಬೆಲೆ ಮುಖ್ಯ ಕಡತದಿಂದಲೇ ಬಂದಿರಬೇಕೆಂದೇನೂ ಇಲ್ಲ. ಆ ಕಡತ ಇತರ ಕಡತಗಳನ್ನೋ ಇಡೀ ಫೋಲ್ಡರನ್ನೋ ತನ್ನೊಳಗೆ ಸೇರಿಸಿಕೊಳ್ಳಬಹುದು. 2014ರ ಕೊನೆಯಲ್ಲಿ ಬಂದ 9.4ನೆಯ ಆವೃತ್ತಿಯಿಂದ 'ಆಲ್ಟರ್ ಸಿಸ್ಟಮ್' ಎಂಬ ಆದೇಶದ ಮೂಲಕ ಡೇಟಾಬೇಸಿನ ಒಳಗಿನಿಂದಲೇ ಬೆಲೆಗಳನ್ನು ಬದಲಾಯಿಸಬಹುದಾಗಿದ್ದು, ಅವು 'ಪೋಸ್ಟ್‌ಗ್ರೆಸ್‌ಕ್ಯೂಎಲ್ ಡಾಟ್ ಆಟೋ ಡಾಟ್ ಕಾನ್ಫ್' ಎಂಬ ಪ್ರತ್ಯೇಕ ಕಡತದಲ್ಲಿ ದಾಖಲಾಗಿ, ಮುಖ್ಯ ಕಡತದ ನಂತರ ಓದಲ್ಪಟ್ಟು, ಅದನ್ನು ಮೀರುತ್ತವೆ. ಇವುಗಳ ಮೇಲೆ ಸರ್ವರನ್ನು ಆರಂಭಿಸುವಾಗ ಆದೇಶದ ಸಾಲಿನಲ್ಲಿ ಕೊಟ್ಟ ಬೆಲೆಗಳು, ಅವುಗಳ ಮೇಲೆ ನಿರ್ದಿಷ್ಟ ಡೇಟಾಬೇಸಿಗೆ ಅಥವಾ ಬಳಕೆದಾರನಿಗೆಂದು ನಿಗದಿಪಡಿಸಿದವು, ಎಲ್ಲಕ್ಕಿಂತ ಮೇಲೆ ಚಾಲ್ತಿಯಲ್ಲಿರುವ ಸಂಪರ್ಕದಲ್ಲಿ ಕೊಟ್ಟವು ನಿಲ್ಲುತ್ತವೆ.

ಇಷ್ಟು ಪದರಗಳಿರುವಾಗ ಕಡತವನ್ನು ತೆರೆದು ನೋಡಿ ಸರ್ವರಿನ ಸ್ಥಿತಿಯನ್ನು ಊಹಿಸುವುದು ಭರವಸೆಯ ಕೆಲಸವಾಗಲಾರದು. ಅದಕ್ಕೆಂದೇ ಸರ್ವರ್ ತನ್ನ ಸ್ಥಿತಿಯನ್ನು ತಾನೇ ಹೇಳುವ ವ್ಯವಸ್ಥೆ ಇದೆ. 'ಪಿಜಿ ಸೆಟ್ಟಿಂಗ್ಸ್' ಎಂಬ ಕೋಷ್ಟಕವನ್ನು ಕೇಳಿದರೆ ಪ್ರತಿ ನಿಯತಾಂಕದ ಚಾಲ್ತಿ ಬೆಲೆ, ಅದರ ಮಾನ, ಅದು ಯಾವ ಕಡತದ ಎಷ್ಟನೆಯ ಸಾಲಿನಿಂದ ಬಂದಿತು, ಅದನ್ನು ಬದಲಿಸಲು ರೀಲೋಡ್ ಸಾಕೋ ರೀಸ್ಟಾರ್ಟ್ ಬೇಕೋ, ಕಡತದಲ್ಲಿ ಬದಲಾಗಿಯೂ ರೀಸ್ಟಾರ್ಟಿಗಾಗಿ ಕಾಯುತ್ತಿದೆಯೋ ಎಂಬುದೆಲ್ಲ ತಿಳಿಯುತ್ತದೆ. 'ಪಿಜಿ ಫೈಲ್ ಸೆಟ್ಟಿಂಗ್ಸ್' ಎಂಬ ಇನ್ನೊಂದು ಕೋಷ್ಟಕ ಇದರ ಮರುಮುಖ: ಅದು ಜಾರಿಯಲ್ಲಿರುವುದನ್ನು ಬಿಟ್ಟು ಕಡತಗಳಲ್ಲಿ ಈಗ ಬರೆದಿರುವುದನ್ನು ಓದಿ, ಯಾವ ಸಾಲು ಅನ್ವಯಿಸುತ್ತದೆ, ಯಾವುದು ಅನ್ವಯಿಸದು, ದೋಷವೇನು ಎಂದು ತೋರಿಸುತ್ತದೆ. ಮೊದಲನೆಯದು ರೀಲೋಡ್ ಆದ ನಂತರ ಕೇಳಬೇಕಾದ ಪ್ರಶ್ನೆ, ಎರಡನೆಯದು ರೀಲೋಡಿಗೆ ಮುನ್ನ ಕೇಳಬೇಕಾದದ್ದು. ಪ್ರವೇಶದ ಪಟ್ಟಿಗೂ ಇಂಥದೇ ಪರಿಶೀಲನಾ ಕೋಷ್ಟಕವಿದೆ.

ಸಂಖ್ಯೆಗಳ ಹಿಂದಿನ ಲೆಕ್ಕ

ಬೆಲೆ ಸರಿಯಾಗಿ ಜಾರಿಗೆ ಬಂದ ಮಾತ್ರಕ್ಕೆ ಅದು ಸರಿಯಾದ ಬೆಲೆಯಾಗಿರುವುದಿಲ್ಲ. 'ವರ್ಕ್ ಮೆಮ್' ಎಂಬುದು ವಿಂಗಡಣೆ, ಜೋಡಣೆ ಮುಂತಾದ ಒಂದು ಕ್ರಿಯೆ ಡಿಸ್ಕಿಗೆ ತಾತ್ಕಾಲಿಕ ಕಡತ ಬರೆಯುವ ಮೊದಲು ಬಳಸಬಹುದಾದ ಮೆಮೊರಿಯ ಮಿತಿ. ಡಿಫಾಲ್ಟ್ ಬೆಲೆ 4 ಎಂಬಿ. ಇದು ಇಡೀ ಸರ್ವರಿನ ಮಿತಿಯೂ ಅಲ್ಲ, ಒಂದು ಸಂಪರ್ಕದ ಮಿತಿಯೂ ಅಲ್ಲ ಎಂಬುದನ್ನು ಮರೆತಾಗ ತೊಂದರೆ ಆರಂಭವಾಗುತ್ತದೆ. ನಿಧಾನವಾದ ಒಂದು ವರದಿಯನ್ನು ಚುರುಕುಗೊಳಿಸಲೆಂದು ಕಡತದಲ್ಲಿ ಅದನ್ನು 64 ಎಂಬಿಗೆ ಏರಿಸಿದರೆ, ನೂರು ಸಂಪರ್ಕಗಳು ತಲಾ ಎರಡು ವಿಂಗಡಣೆಗಳನ್ನು ಒಟ್ಟಿಗೆ ನಡೆಸಿದ ಗಳಿಗೆಯಲ್ಲಿ ಬೇಡಿಕೆ 12,800 ಎಂಬಿ, ಅಂದರೆ 12.5 ಜಿಬಿ ಆಗುತ್ತದೆ. 8 ಜಿಬಿಯ ಯಂತ್ರದಲ್ಲಿ ಲಿನಕ್ಸ್ ಕರ್ನಲ್ ಆಗ ಯಾವುದಾದರೊಂದು ಪ್ರಕ್ರಿಯೆಯನ್ನು ಬಲವಂತವಾಗಿ ಕೊಲ್ಲಬಹುದು. ಆ ಬೆಲೆಯನ್ನು ವರದಿ ನಡೆಸುವ ಬಳಕೆದಾರನಿಗೆ ಮಾತ್ರ ನಿಗದಿಪಡಿಸುವುದು ಇಲ್ಲಿ ಸರಿಯಾದ ದಾರಿ. ಪದರಗಳ ವ್ಯವಸ್ಥೆ ಗೊಂದಲವನ್ನು ಹುಟ್ಟಿಸುವಂತೆ ಇಂಥ ಪರಿಹಾರವನ್ನೂ ಒದಗಿಸುತ್ತದೆ.

ವೇಗಕ್ಕೂ ಸುರಕ್ಷತೆಗೂ ನಡುವಿನ ಆಯ್ಕೆಗಳಲ್ಲಿ ವ್ಯತ್ಯಾಸ ಇನ್ನೂ ಸೂಕ್ಷ್ಮ. 'ಸಿಂಕ್ರೊನಸ್ ಕಮಿಟ್' ಎಂಬುದನ್ನು ನಿಲ್ಲಿಸಿದರೆ ಸರ್ವರ್ ಬದಲಾವಣೆಗಳು ಡಿಸ್ಕ್ ಸೇರುವುದನ್ನು ಕಾಯದೆ ಬಳಕೆದಾರನಿಗೆ ಒಪ್ಪಿಗೆ ಹೇಳುತ್ತದೆ. ಆ ಹೊತ್ತಿಗೆ ಯಂತ್ರ ಬಿದ್ದರೆ ಡಿಫಾಲ್ಟ್ ಸ್ಥಿತಿಯಲ್ಲಿ ಗರಿಷ್ಠ ಸುಮಾರು 600 ಮಿಲಿಸೆಕೆಂಡುಗಳ ಅವಧಿಯ ಬದಲಾವಣೆಗಳು ಹೋಗಬಹುದು, ಉಳಿದ ಮಾಹಿತಿ ಸುಸಂಗತವಾಗಿಯೇ ಇರುತ್ತದೆ. 'ಎಫ್‌ಸಿಂಕ್' ಎಂಬುದನ್ನು ನಿಲ್ಲಿಸಿದರೆ ಬರೆದದ್ದನ್ನು ಡಿಸ್ಕಿಗೆ ನಿಜವಾಗಿ ತಲುಪಿಸುವಂತೆ ಕಾರ್ಯಾಚರಣ ವ್ಯವಸ್ಥೆಯನ್ನು ಕೇಳುವುದನ್ನೇ ಸರ್ವರ್ ಬಿಡುತ್ತದೆ; ಆಗ ಯಂತ್ರ ಬಿದ್ದರೆ ಇಡೀ ಡೇಟಾಬೇಸ್ ಸರಿಪಡಿಸಲಾಗದಂತೆ ಕೆಡಬಹುದು. ಮಾಹಿತಿಯನ್ನು ಮೊದಲ ಬಾರಿಗೆ ತುಂಬುವಾಗ, ಕೆಟ್ಟರೆ ಮತ್ತೆ ತುಂಬಬಹುದೆಂಬ ಧೈರ್ಯದಲ್ಲಿ ಎರಡನೆಯದನ್ನು ನಿಲ್ಲಿಸಿ, ಮತ್ತೆ ಚಾಲೂ ಮಾಡಲು ಮರೆತರೆ, ಯಂತ್ರ ಬೀಳುವವರೆಗೂ ಸರ್ವರ್ ವೇಗವಾಗಿಯೇ ಓಡುತ್ತಿರುವುದರಿಂದ ಆ ಮರೆವನ್ನು ಯಾವ ಲಕ್ಷಣವೂ ತೋರಿಸಿಕೊಡುವುದಿಲ್ಲ.

ಕಡತಕ್ಕೊಂದು ಚರಿತ್ರೆ

ಇಷ್ಟೆಲ್ಲ ಅಪಾಯಗಳಿಗೆ ವೃತ್ತಿನಿರತರು ಕಂಡುಕೊಂಡ ಉತ್ತರವೆಂದರೆ ಸಂರಚನಾ ಕಡತಗಳನ್ನೂ ತಂತ್ರಾಂಶದ ಮೂಲಪಠ್ಯದಷ್ಟೇ ಶಿಸ್ತಿನಿಂದ ನೋಡಿಕೊಳ್ಳುವುದು. ಲೈನಸ್ ಟೊರ್ವಾಲ್ಡ್ಸ್ 2005ರಲ್ಲಿ ರೂಪಿಸಿದ ಗಿಟ್ ಎಂಬ ಆವೃತ್ತಿ ನಿಯಂತ್ರಣ ಸಾಧನದಲ್ಲಿ ಅವುಗಳನ್ನು ಇರಿಸಿದರೆ ಯಾರು, ಯಾವಾಗ, ಯಾವ ಸಾಲನ್ನು, ಯಾವ ಉದ್ದೇಶಕ್ಕೆ ತಿದ್ದಿದರು ಎಂಬುದು ಉಳಿಯುತ್ತದೆ. ಆನ್ಸಿಬಲ್, ಪಪೆಟ್ ಮುಂತಾದ ಸಾಧನಗಳು ಅಲ್ಲಿಂದ ಕಡತವನ್ನು ಸರ್ವರುಗಳಿಗೆ ಒಂದೇ ರೀತಿಯಲ್ಲಿ ಹಂಚುತ್ತವೆ. ಪೋಸ್ಟ್‌ಗ್ರೆಸ್‌ಕ್ಯೂಎಲ್ ಜೊತೆಗೆ ಬರುವ ಉದ್ದನೆಯ ಕಡತವನ್ನು ಮುಟ್ಟದೆ, ಬದಲಿಸಿದ ಬೆಲೆಗಳನ್ನಷ್ಟೇ ಸೇರ್ಪಡೆ ಫೋಲ್ಡರಿನ ಸಣ್ಣ ಕಡತದಲ್ಲಿ ಬರೆಯುವುದು ಒಳ್ಳೆಯ ರೂಢಿ. ಡಿಫಾಲ್ಟಿನಿಂದ ಈ ಸರ್ವರ್ ಎಲ್ಲಿ ಬೇರೆಯಾಗಿದೆ ಎಂಬುದು ಆಗ ಒಂದೇ ನೋಟಕ್ಕೆ ಸಿಗುತ್ತದೆ. ಹೀಗೆ ಹೊರಗಿನಿಂದ ನಿರ್ವಹಿಸುವ ಸರ್ವರಿನಲ್ಲಿ ಯಾರಾದರೂ 'ಆಲ್ಟರ್ ಸಿಸ್ಟಮ್' ಬಳಸಿದರೆ ಹಂಚಿದ ಕಡತ ಒಂದು ಹೇಳಿ ಸರ್ವರ್ ಇನ್ನೊಂದು ಮಾಡುವುದರಿಂದ, 2024ರ 17ನೆಯ ಆವೃತ್ತಿ ಆ ಆದೇಶವನ್ನೇ ತಡೆಯಬಲ್ಲ ಒಂದು ನಿಯತಾಂಕವನ್ನು ಸೇರಿಸಿತು.

ಒಂದಕ್ಕಿಂತ ಹೆಚ್ಚು ಸರ್ವರುಗಳಿದ್ದಾಗ ಈ ಶಿಸ್ತು ಅನಿವಾರ್ಯವಾಗುತ್ತದೆ. ಮೂಲ ಸರ್ವರಿನ ಪ್ರತಿ ಬದಲಾವಣೆಯೂ ಉಪಸರ್ವರಿಗೆ ಹರಿದುಹೋಗುವಂತೆ ಏರ್ಪಡಿಸಬಹುದಾದರೂ ಆ ಹರಿವಿನಲ್ಲಿ ಸಾಗುವುದು ಮಾಹಿತಿ ಮಾತ್ರ. ಸಂರಚನಾ ಕಡತಗಳ ತಿದ್ದುಪಡಿ ಅದರಲ್ಲಿ ಸಾಗುವುದಿಲ್ಲ. ಸಂಪರ್ಕಗಳ ಮಿತಿಯಂಥ ಕೆಲವು ಬೆಲೆಗಳು ಉಪಸರ್ವರಿನಲ್ಲಿ ಮೂಲದಷ್ಟಾದರೂ ಇರಬೇಕೆಂಬ ಕಟ್ಟುಪಾಡಿರುವುದರಿಂದ, ಏರಿಸುವಾಗ ಉಪಸರ್ವರಿನಲ್ಲಿ ಮೊದಲು, ಇಳಿಸುವಾಗ ಮೂಲದಲ್ಲಿ ಮೊದಲು ತಿದ್ದಬೇಕು. ಪಾಸ್‌ವರ್ಡುಗಳು ಮಾತ್ರ ಈ ಚರಿತ್ರೆಯಿಂದ ಹೊರಗಿರಬೇಕು. ಒಮ್ಮೆ ಗಿಟ್‌ನಲ್ಲಿ ಸೇರಿದ ಗುಟ್ಟು ಮುಂದಿನ ಪ್ರತಿಯಲ್ಲಿ ಅಳಿಸಿದರೂ ಹಿಂದಿನ ಪ್ರತಿಗಳಲ್ಲಿ ಉಳಿದೇ ಇರುತ್ತದೆ.

ಈ ಶಿಸ್ತಿನ ನಿಜವಾದ ಪರೀಕ್ಷೆ ಆವೃತ್ತಿ ಬದಲಾವಣೆಯ ಕಾಲದಲ್ಲಿ ನಡೆಯುತ್ತದೆ. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನ ಪ್ರಧಾನ ಆವೃತ್ತಿ ಸಾಮಾನ್ಯವಾಗಿ ವರ್ಷಕ್ಕೊಂದು ಬರುತ್ತದೆ, ಪ್ರತಿಯೊಂದಕ್ಕೂ ಐದು ವರ್ಷಗಳ ಬೆಂಬಲವಿರುತ್ತದೆ. ಹೊಸದಕ್ಕೆ ಸಾಗುವಾಗ ಮಾಹಿತಿಯನ್ನು ಸಾಗಿಸುವ ಸಾಧನ ಸಂರಚನಾ ಕಡತಗಳನ್ನು ಸಾಗಿಸುವುದಿಲ್ಲ. ಹಳೆಯ ಕಡತವನ್ನು ಹಾಗೆಯೇ ನಕಲು ಮಾಡಿದರೂ ಆಗದು, ಏಕೆಂದರೆ ಕೆಲವು ನಿಯತಾಂಕಗಳು ನಡುವೆ ಮಾಯವಾಗಿರುತ್ತವೆ: 9.5ನೆಯ ಆವೃತ್ತಿ 'ಚೆಕ್‌ಪಾಯಿಂಟ್ ಸೆಗ್ಮೆಂಟ್ಸ್' ಎಂಬುದನ್ನು ತೆಗೆದು ಅದರ ಜಾಗದಲ್ಲಿ 'ಮ್ಯಾಕ್ಸ್ ವಾಲ್ ಸೈಜ್' ಎಂಬುದನ್ನು ತಂದಿತು; 2019ರ 12ನೆಯ ಆವೃತ್ತಿ 'ರಿಕವರಿ ಡಾಟ್ ಕಾನ್ಫ್' ಎಂಬ ಇಡೀ ಕಡತವನ್ನೇ ಕೈಬಿಟ್ಟು, ಅದು ಫೋಲ್ಡರಿನಲ್ಲಿ ಕಂಡರೆ ಸರ್ವರ್ ಆರಂಭವಾಗಲು ಒಪ್ಪದಂತೆ ಮಾಡಿತು. ಆಗ ಪ್ರತಿ ಸಾಲಿನ ಮುಂದೆಯೂ ಒಂದೇ ಪ್ರಶ್ನೆ ಏಳುತ್ತದೆ: ಈ ಬೆಲೆ ಇಲ್ಲಿ ಏಕೆ ಇದೆ? '32 ಜಿಬಿಯ ಯಂತ್ರ, ಅದರ ಕಾಲು ಭಾಗ' ಎಂಬ ಟಿಪ್ಪಣಿ ಪಕ್ಕದಲ್ಲಿದ್ದರೆ 64 ಜಿಬಿಯ ಹೊಸ ಯಂತ್ರಕ್ಕೆ ಹೊಸ ಸಂಖ್ಯೆಯನ್ನು ಯಾರು ಬೇಕಾದರೂ ಲೆಕ್ಕ ಹಾಕಬಹುದು. ಬರಿಯ ಸಂಖ್ಯೆ ಇದ್ದರೆ ಅದನ್ನು ಬದಲಿಸಲು ಯಾರಿಗೂ ಧೈರ್ಯ ಬಾರದೆ ಯಂತ್ರದಿಂದ ಯಂತ್ರಕ್ಕೆ ಅದು ಸಾಗುತ್ತಲೇ ಹೋಗುತ್ತದೆ. ಚಾಲ್ತಿಯಲ್ಲಿರುವ ಬೆಲೆಯನ್ನು ಸರ್ವರ್ ಹೇಳಬಲ್ಲದು, ಬರೆದ ಬೆಲೆಯನ್ನು ಕಡತ ಹೇಳಬಲ್ಲದು. ಅದನ್ನು ಆಯ್ದ ಕಾರಣವನ್ನು ಮನುಷ್ಯರೇ ಬರೆದಿಡಬೇಕು. ಆದ್ದರಿಂದ ಪ್ರತಿ ತಿದ್ದುಪಡಿಯ ಪಕ್ಕದಲ್ಲಿ ಕಾರಣವನ್ನು ಬರೆಯುವುದು, ರೀಲೋಡಿಗೆ ಮುನ್ನ ಕಡತವನ್ನೂ ನಂತರ ಸರ್ವರನ್ನೂ ಕೇಳಿ ನೋಡುವುದು, ರೀಸ್ಟಾರ್ಟನ್ನು ಅವಘಡದ ದಿನಕ್ಕೆ ಬಿಡದೆ ಬಿಡುವಿರುವ ಹೊತ್ತಿನಲ್ಲಿ ಬೇಕೆಂದೇ ನಡೆಸಿ ಪರೀಕ್ಷಿಸುವುದು ಎಂಬ ಮೂರು ರೂಢಿಗಳು ನೆಲೆಗೊಂಡಿರುವಲ್ಲಿ, ಬರೆದದ್ದಕ್ಕೂ ಜಾರಿಯಲ್ಲಿರುವುದಕ್ಕೂ ನಡುವಿನ ಅಂತರ ಎಂದಿದ್ದರೂ ತಿಳಿದೇ ಇರುತ್ತದೆ.